‘ದಮ್ಮು’ ಇರುವುದು ಎಲ್ಲಿ? ಕಲಬುರಗಿಯ ಬಿಸಿಲಿನಲ್ಲಿ ದೂರ ಓಟದ ತಯಾರಿ

ಬೆಳಗಿನ ಐದೂವರೆಯ ಹೊತ್ತಿಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಾಗಲಿ, ವಿಶ್ವವಿದ್ಯಾಲಯದ ಜ್ಞಾನಗಂಗೆ ಆವರಣದ ರಸ್ತೆಗಳಲ್ಲಾಗಲಿ ನಿಂತರೆ, ಪೊಲೀಸ್ ಅಥವಾ ಅರೆಸೇನಾ ಪಡೆಯ ನೇಮಕಾತಿಗೆ ತಯಾರಾಗುತ್ತಿರುವ ಯುವಕ ಯುವತಿಯರು ಓಡುವುದನ್ನು ಕಾಣಬಹುದು. ಅವರಲ್ಲಿ ಹತ್ತು ಜನರನ್ನು ಮಾತನಾಡಿಸಿದರೆ ಎಂಟು ಜನರ ದೂರು ಒಂದೇ ಆಗಿರುತ್ತದೆ: “ಸರ, ಕಾಲಾಗ ತಾಕತ್ತು ಅದ, ದಮ್ಮ ಸಾಲವಲ್ದು.” ದಮ್ಮು ಎನ್ನುವಾಗ ಅವರು ಕೈಯಿಡುವುದು ಎದೆಯ ಮೇಲೆ. ಶ್ವಾಸಕೋಶ ದುರ್ಬಲವಾಗಿದೆ ಎಂಬ ನಂಬಿಕೆಯಿಂದ ಕೆಲವರು ಉಸಿರು ಬಿಗಿಹಿಡಿಯುವ ಅಭ್ಯಾಸಕ್ಕೆ ತೊಡಗುತ್ತಾರೆ, ಇನ್ನು ಕೆಲವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡುತ್ತಾರೆ.

ಆದರೆ ಆರೋಗ್ಯವಂತನ ಶ್ವಾಸಕೋಶ ದೂರ ಓಟಕ್ಕೆ ಅಡ್ಡಿಯಾಗುವುದು ಬಹಳ ಅಪರೂಪ. ಜೋರಾಗಿ ಓಡುತ್ತಿರುವಾಗಲೂ ಶ್ವಾಸಕೋಶದಿಂದ ಹೊರಡುವ ರಕ್ತವು ಸಾಮಾನ್ಯವಾಗಿ ಆಮ್ಲಜನಕವನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿಕೊಂಡೇ ಹೊರಡುತ್ತದೆ. ಕೊರತೆಯಾಗುವುದು ಅದರ ಮುಂದಿನ ದಾರಿಯಲ್ಲಿ: ಹೃದಯ ಎಷ್ಟು ರಕ್ತ ದೂಡುತ್ತದೆ, ಆ ರಕ್ತದಲ್ಲಿ ಎಷ್ಟು ಹಿಮೋಗ್ಲೋಬಿನ್ ಇದೆ, ಅದು ತಲುಪಿಸಿದ ಆಮ್ಲಜನಕವನ್ನು ಕಾಲಿನ ಸ್ನಾಯು ಎಷ್ಟು ಬಳಸಿಕೊಳ್ಳಬಲ್ಲದು, ಬಳಸಿಕೊಂಡ ಶಕ್ತಿಯಲ್ಲಿ ಎಷ್ಟು ದೂರ ಸಾಗುತ್ತದೆ ಮತ್ತು ಹುಟ್ಟಿದ ಬಿಸಿಯನ್ನು ಮೈ ಹೇಗೆ ಹೊರಹಾಕುತ್ತದೆ. ಈ ಐದರಲ್ಲಿ ನಿಮಗೆ ಅಡ್ಡಿಯಾಗಿರುವುದು ಯಾವುದು ಎಂದು ಪತ್ತೆ ಹಚ್ಚದೆ ಮಾಡುವ ತಾಲೀಮು ಬಹುಪಾಲು ವ್ಯರ್ಥವಾಗುತ್ತದೆ. ಆದ್ದರಿಂದ ಈ ಲೇಖನದ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ.

ಮೊದಲ ಹೆಜ್ಜೆ: ಸುತ್ತುಗಳನ್ನು ಬರೆದಿಡಿ

ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 5 ಕಿಲೋಮೀಟರನ್ನು 24 ನಿಮಿಷದಲ್ಲಿ, ಮಹಿಳೆಯರು 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದಲ್ಲಿ ಓಡುವ ನಿಯಮ ನಡೆದು ಬಂದಿದೆ. ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಪುರುಷರಿಗೆ 1600 ಮೀಟರಿಗೆ ಆರೂವರೆ ನಿಮಿಷ ಕೊಡುತ್ತಾರೆ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಓದಿ ಇದನ್ನು ಖಚಿತಪಡಿಸಿಕೊಳ್ಳಬೇಕು. 1600 ಮೀಟರ್ ಎಂದರೆ ವೇಗದ ಓಟ ಎಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದಕ್ಕೆ ಬೇಕಾದ ಶಕ್ತಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಆಮ್ಲಜನಕದ ನೆರವಿನಿಂದಲೇ ಹುಟ್ಟುತ್ತದೆ. ಹೀಗಾಗಿ ಇಲ್ಲಿ ಹೇಳುವುದೆಲ್ಲ ಎರಡೂ ಓಟಗಳಿಗೆ ಅನ್ವಯಿಸುತ್ತದೆ.

ಉದಾಹರಣೆಗೆ 5 ಕಿಲೋಮೀಟರನ್ನೇ ತೆಗೆದುಕೊಳ್ಳೋಣ. 400 ಮೀಟರಿನ ಟ್ರ್ಯಾಕಿನಲ್ಲಿ ಅದು ಹನ್ನೆರಡೂವರೆ ಸುತ್ತು. 24 ನಿಮಿಷಕ್ಕೆ ಮುಗಿಯಬೇಕಾದರೆ ಪ್ರತಿ ಸುತ್ತಿಗೆ ಸಿಗುವುದು 1 ನಿಮಿಷ 55 ಸೆಕೆಂಡು. ಒಂದು ದಿನ ಗೆಳೆಯರೊಬ್ಬರನ್ನು ಗೆರೆಯ ಬಳಿ ಮೊಬೈಲ್ ಹಿಡಿದು ನಿಲ್ಲಿಸಿ, ಒಟ್ಟು ಸಮಯದ ಜೊತೆಗೆ ಪ್ರತಿ ಸುತ್ತಿನ ಸಮಯವನ್ನೂ ಬರೆಸಿಕೊಳ್ಳಿ.

ನಾನು ಹೀಗೆ ಬರೆದುಕೊಂಡ ಒಬ್ಬ ಹುಡುಗನ ಲೆಕ್ಕ ಈಗಲೂ ನನ್ನ ನೋಟ್‌ಬುಕ್ಕಿನಲ್ಲಿದೆ. ಮೊದಲ ಸುತ್ತು 1 ನಿಮಿಷ 34 ಸೆಕೆಂಡು, ಎರಡನೆಯದು 1.42, ಮೂರನೆಯದು 1.53, ನಾಲ್ಕನೆಯದು 2.04, ಅಲ್ಲಿಂದ ಕೊನೆಯವರೆಗೆ ಸುತ್ತಿಗೆ 2.11ರ ಆಸುಪಾಸು. ಒಟ್ಟು 25 ನಿಮಿಷ 46 ಸೆಕೆಂಡು. “ಐದನೇ ಸುತ್ತಿನಲ್ಲೇ ದಮ್ಮು ಮುಗಿಯಿತು” ಎಂದು ಆತ ಹೇಳಿದ. ಒಂದು ವಾರದ ನಂತರ, ಸುತ್ತಿಗೆ 1.58ರಂತೆ ಓಡಬೇಕು, ಯಾರು ಮುಂದೆ ಹೋದರೂ ಹೋಗಲಿ ಎಂದು ಒಪ್ಪಿಸಿ ಅದೇ ಹುಡುಗನನ್ನು ಓಡಿಸಿದೆ. 24 ನಿಮಿಷ 35 ಸೆಕೆಂಡಿಗೆ ಮುಗಿಸಿದ. ಒಂದು ವಾರದಲ್ಲಿ ಹೃದಯವೇನೂ ದೊಡ್ಡದಾಗಿರಲಿಲ್ಲ. ಇದ್ದ ಶಕ್ತಿಯನ್ನು ಸಮನಾಗಿ ಹಂಚಿದ್ದರಿಂದಲೇ 71 ಸೆಕೆಂಡು ಉಳಿದಿತ್ತು.

ಏದುಸಿರು ಏಕೆ ಹತ್ತುತ್ತದೆ ಎಂಬುದಕ್ಕೂ ಈ ಲೆಕ್ಕದಲ್ಲೇ ಉತ್ತರವಿದೆ. ಒಂದು ನಿರ್ದಿಷ್ಟ ವೇಗದವರೆಗೆ ಸ್ನಾಯುವಿನಲ್ಲಿ ಸಕ್ಕರೆ ಒಡೆದಾಗ ಹುಟ್ಟುವ ಲ್ಯಾಕ್ಟೇಟನ್ನು ಹೃದಯವೂ ಉಳಿದ ಸ್ನಾಯುಗಳೂ ಇಂಧನವಾಗಿ ಬಳಸಿ ಮುಗಿಸುತ್ತವೆ. ಆ ಮಿತಿಯನ್ನು ದಾಟಿದರೆ ಅದು ರಕ್ತದಲ್ಲಿ ಶೇಖರವಾಗತೊಡಗುತ್ತದೆ. ಜೊತೆಗೆ ಆಮ್ಲೀಯತೆ ಏರುತ್ತದೆ, ಅದನ್ನು ತಗ್ಗಿಸುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ ಮತ್ತು ಅದನ್ನು ಹೊರಹಾಕಲು ಮೆದುಳು ಉಸಿರಾಟವನ್ನು ತೀವ್ರಗೊಳಿಸುತ್ತದೆ. ಆದ್ದರಿಂದ ‘ದಮ್ಮು ಹತ್ತುವುದು’ ಎಂದರೆ ನೀವು ನಿಮ್ಮ ಮಿತಿಗಿಂತ ಬೇಗ ಓಡುತ್ತಿದ್ದೀರಿ ಎಂಬ ಸೂಚನೆ ಎಂದು ತಿಳಿಯಬೇಕು. ಇನ್ನೊಂದು ಮಾತು: ಮರುದಿನದ ಕಾಲುನೋವಿಗೆ ಲ್ಯಾಕ್ಟೇಟ್ ಕಾರಣವಲ್ಲ. ಓಟ ಮುಗಿದ ಸುಮಾರು ಒಂದು ಗಂಟೆಯಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ.

ಎರಡನೆಯ ಹೆಜ್ಜೆ: ಹೃದಯವನ್ನು ನಿಧಾನವಾಗಿ ಬೆಳೆಸಿ

ಒಂದು ನಿಮಿಷದಲ್ಲಿ ಪ್ರತಿ ಕಿಲೋ ದೇಹತೂಕಕ್ಕೆ ನೀವು ಬಳಸಬಲ್ಲ ಅತಿ ಹೆಚ್ಚಿನ ಆಮ್ಲಜನಕವನ್ನು ತರಬೇತುದಾರರು ವಿಒ2 ಮ್ಯಾಕ್ಸ್ ಎನ್ನುತ್ತಾರೆ. ತಾಲೀಮಿಲ್ಲದ ಯುವಕನಲ್ಲಿ ಅದು ಸಾಮಾನ್ಯವಾಗಿ 40ರಿಂದ 45 ಮಿಲಿಲೀಟರ್ ಇರುತ್ತದೆ. ಜಗತ್ತಿನ ಅಗ್ರ ದೂರ ಓಟಗಾರರಲ್ಲಿ 70ರಿಂದ 85ರವರೆಗೂ ಇರುತ್ತದೆ. 24 ನಿಮಿಷದ 5 ಕಿಲೋಮೀಟರ್ ಎಂದರೆ ಗಂಟೆಗೆ ಹನ್ನೆರಡೂವರೆ ಕಿಲೋಮೀಟರ್ ವೇಗ, ಆ ವೇಗಕ್ಕೆ ಸುಮಾರು 45 ಮಿಲಿಲೀಟರ್ ಬೇಕು. ಅಷ್ಟು ಹೊತ್ತು ಗರಿಷ್ಠದ ಶೇಕಡಾ 90ರ ಆಸುಪಾಸಿನಲ್ಲಿ ಓಡಬಹುದಾದ್ದರಿಂದ, ನಿಮ್ಮ ಗರಿಷ್ಠವು 50ರ ಸುತ್ತಮುತ್ತ ಇರಬೇಕಾಗುತ್ತದೆ. ಸಾಮಾನ್ಯ ಹುಡುಗನೊಬ್ಬ ದಾಟಬೇಕಾದ ಅಂತರ ಇಷ್ಟೇ, ಮತ್ತು ಇದು ಕೆಲವು ತಿಂಗಳ ಕ್ರಮಬದ್ಧ ತಾಲೀಮಿನಿಂದ ಬಹಳಷ್ಟು ಜನರಿಗೆ ಸಾಧ್ಯವಾಗುವಂಥದ್ದು. ಹುಟ್ಟಿನಿಂದ ಬಂದ ಗುಣದಲ್ಲಿ ವ್ಯತ್ಯಾಸ ಇದ್ದೇ ಇದೆ, ಒಂದೇ ತಾಲೀಮಿಗೆ ಒಬ್ಬರು ಬೇಗ ಸುಧಾರಿಸುತ್ತಾರೆ, ಇನ್ನೊಬ್ಬರು ತಡವಾಗಿ. ಆದರೆ ಈ ಮಟ್ಟದ ಗುರಿಗೆ ಅದನ್ನು ನೆಪವಾಗಿಸಬೇಕಿಲ್ಲ.

ಈ ಅಂತರ ತುಂಬುವುದು ಮುಖ್ಯವಾಗಿ ಹೃದಯದಿಂದ. ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ, ಪೂರ್ತಿ ಶ್ರಮದಲ್ಲಿ ಸಾಮಾನ್ಯ ಯುವಕನಲ್ಲಿ ಅದು 20 ಲೀಟರಿನಷ್ಟಾಗುತ್ತದೆ. ತಾಲೀಮಿನಿಂದ ಗರಿಷ್ಠ ಬಡಿತ ಹೆಚ್ಚುವುದಿಲ್ಲ, ಒಂದೊಂದು ಬಡಿತದಲ್ಲಿ ಹೊರಡುವ ರಕ್ತ ಹೆಚ್ಚುತ್ತದೆ. ಜೊತೆಗೆ ಸ್ನಾಯುವಿನಲ್ಲಿ ಸೂಕ್ಷ್ಮ ರಕ್ತನಾಳಗಳೂ, ಆಮ್ಲಜನಕವನ್ನು ಬಳಸಿ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾಗಳೂ ಹೆಚ್ಚುತ್ತವೆ. ಇವೆಲ್ಲ ಬೆಳೆಯಲು ಬೇಕಾದದ್ದು ವಾರಗಟ್ಟಲೆ ಸೇರುವ ಓಟದ ಒಟ್ಟು ಸಮಯ. ಪ್ರತಿದಿನ ಬಿದ್ದಂಬೀಳ ಓಡಿದವನು ಅಷ್ಟು ಸಮಯ ಕೂಡಿಸಲಾರ, ನಾಲ್ಕನೆಯ ದಿನಕ್ಕೇ ಕಾಲು ಹಿಡಿದುಕೊಂಡು ಕೂರುತ್ತಾನೆ.

ವಾರದ ಆರು ದಿನಗಳಲ್ಲಿ ನಾಲ್ಕು ದಿನ ನಿಧಾನವಾಗಿ ಓಡಿ. ನಿಧಾನ ಎಂದರೆ ಜೊತೆಯವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡುವಷ್ಟು, ಅಂದರೆ ಈ ಗುರಿಯವರಿಗೆ ಕಿಲೋಮೀಟರಿಗೆ ಆರರಿಂದ ಆರೂವರೆ ನಿಮಿಷ. ಅರ್ಧ ಗಂಟೆಯಿಂದ ಆರಂಭಿಸಿ, ಎರಡು ಮೂರು ತಿಂಗಳಲ್ಲಿ ಒಂದು ದಿನದ ಓಟವನ್ನು 70 ನಿಮಿಷದವರೆಗೆ ಏರಿಸಬಹುದು. ಬೆಳಗ್ಗೆ ಎದ್ದೊಡನೆ ಹಾಸಿಗೆಯಲ್ಲೇ ನಾಡಿ ಎಣಿಸಿ ಬರೆಯುತ್ತಿದ್ದರೆ ಅದು ವಾರಗಳಲ್ಲಿ ಇಳಿಯುವುದು ಕಾಣುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಏಳೆಂಟು ಬಡಿತ ಏರಿದ್ದರೆ ನಿದ್ದೆಗೆಟ್ಟಿದ್ದೀರಿ, ಮೈ ಬಿಸಿಯಾಗುತ್ತಿದೆ ಅಥವಾ ಹಿಂದಿನ ದಿನದ ಶ್ರಮ ಇನ್ನೂ ಇಳಿದಿಲ್ಲ ಎಂದು ತಿಳಿದು ಅಂದು ಬಿಡುವು ಕೊಡಿ.

ಐದನೆಯ ದಿನ ಮಿತಿಯ ಅಂಚಿನ ಓಟ: ಎರಡೆರಡು ಮಾತು ಆಡಬಹುದಾದ, ಆದರೆ ಹರಟೆ ಹೊಡೆಯಲಾಗದ ವೇಗದಲ್ಲಿ ಎಂಟು ನಿಮಿಷ, ನಡುವೆ ಎರಡು ನಿಮಿಷ ಮೆಲ್ಲನೆ, ಹೀಗೆ ಮೂರು ಸಲ. ಆರನೆಯ ದಿನ 800 ಮೀಟರಿನ ಐದು ಓಟಗಳು, ಪ್ರತಿಯೊಂದೂ 3 ನಿಮಿಷ 45 ಸೆಕೆಂಡಿನ ಸುತ್ತಮುತ್ತ, ನಡುವೆ ಮೂರು ನಿಮಿಷ ಮೆಲ್ಲಗೆ ಓಡುವುದು. ಐದನೆಯ 800 ಮೊದಲನೆಯದರಷ್ಟೇ ಸಮಯಕ್ಕೆ ಬಂದರೆ ಮಾತ್ರ ಆ ದಿನದ ತಾಲೀಮು ಸರಿಯಾಯಿತು ಎನ್ನಬೇಕು. ಏಳನೆಯ ದಿನ ಓಡಬೇಡಿ.

ಮೂರನೆಯ ಹೆಜ್ಜೆ: ರಕ್ತ ಪರೀಕ್ಷೆ ಮಾಡಿಸಿ

ಆರು ವಾರ ಸರಿಯಾಗಿ ಓಡಿದರೂ ಸುಧಾರಣೆ ಕಾಣದಿದ್ದರೆ, ಮೆಟ್ಟಿಲು ಹತ್ತುವಾಗಲೂ ಎದೆ ಬಡಿದುಕೊಳ್ಳುತ್ತಿದ್ದರೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ಇದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುವ ಪರೀಕ್ಷೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದವನು 20 ಮಿಲಿಲೀಟರ್ ಸಾಗಿಸಿದರೆ, 11 ಗ್ರಾಂ ಇದ್ದವನು 15ಕ್ಕಿಂತಲೂ ಸ್ವಲ್ಪ ಕಡಿಮೆ ಸಾಗಿಸುತ್ತಾನೆ. ಕಾಲು ಭಾಗದಷ್ಟು ಆಮ್ಲಜನಕ ದಾರಿಯಲ್ಲೇ ಇಲ್ಲವಾದಂತೆ. ಪುರುಷರಲ್ಲಿ 13 ಗ್ರಾಂ, ಗರ್ಭಿಣಿಯಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕೆಳಗಿದ್ದರೆ ಅದನ್ನು ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಜನ ರಕ್ತಹೀನರು. ಅಂದಮೇಲೆ ತಯಾರಿಗೆ ಬರುವ ಹೆಣ್ಣುಮಕ್ಕಳಿಗೆ “ಇನ್ನೂ ಜೋರಾಗಿ ಓಡು” ಎಂದು ಗದರಿಸುವ ಮೊದಲು ಈ ಒಂದು ಸಂಖ್ಯೆಯನ್ನು ಕೇಳಿ ತಿಳಿಯುವುದು ತರಬೇತುದಾರರ ಕರ್ತವ್ಯ ಎಂದು ನನಗನಿಸುತ್ತದೆ.

ಊಟದಲ್ಲಿ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಮೊಳಕೆ ಕಾಳು, ತಿನ್ನುವವರಾದರೆ ಮಾಂಸ ಮತ್ತು ಲಿವರ್ ಇರಲಿ. ಕಾಳು ಪಲ್ಯಗಳ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಹೆಚ್ಚು ಹೀರಲ್ಪಡುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ನಮ್ಮ ಭಾಗದಲ್ಲಿ ಚಹಾ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಊಟಕ್ಕೂ ಚಹಾಕ್ಕೂ ನಡುವೆ ಒಂದೂವರೆ ಗಂಟೆ ಅಂತರವಿಟ್ಟರೆ ಸಾಕು. ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ರಕ್ತ ಮತ್ತೆ ತುಂಬಲು ವಾರಗಳೇ ಬೇಕಾದ್ದರಿಂದ ಓಟದ ಪರೀಕ್ಷೆಯ ಹಿಂದಿನ ವಾರ ಎಚ್ಚೆತ್ತರೆ ಪ್ರಯೋಜನವಿಲ್ಲ.

ನಾಲ್ಕನೆಯ ಹೆಜ್ಜೆ: ಕಾಲು, ನೆಲ, ಬೂಟು

ಒಂದೇ ವೇಗದಲ್ಲಿ ಓಡುವ ಇಬ್ಬರಲ್ಲಿ ಒಬ್ಬರು ಕಡಿಮೆ ಆಮ್ಲಜನಕ ಖರ್ಚು ಮಾಡಬಹುದು. ಇದು ಓಟದ ಮಿತವ್ಯಯ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಪ್ರತಿ ಹೆಜ್ಜೆಯಲ್ಲೂ ರಬ್ಬರಿನಂತೆ ಹಿಗ್ಗಿ, ತುಂಬಿಕೊಂಡ ಶಕ್ತಿಯನ್ನು ಮರಳಿಸುತ್ತದೆ. ಅದೂ ಮೀನಖಂಡವೂ ಗಟ್ಟಿಯಾಗಿದ್ದಷ್ಟೂ ಖರ್ಚು ಕಡಿಮೆ. ಆದ್ದರಿಂದ ವಾರಕ್ಕೆ ಎರಡು ದಿನ ಗರಡಿಯ ಬೈಠಕ್ಕು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಹಗ್ಗದ ಜಿಗಿತ ಇವು ಇರಬೇಕು. ಪಾದವನ್ನು ದೇಹಕ್ಕಿಂತ ಬಹಳ ಮುಂದೆ ಚಾಚಿ ಊರಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ. ಹೆಜ್ಜೆಯನ್ನು ತುಸು ಗಿಡ್ಡ ಮಾಡಿ, ಸಂಖ್ಯೆ ಹೆಚ್ಚಿಸಿದರೆ ಇದು ತಾನೇ ಸರಿಯಾಗುತ್ತದೆ.

ಓಡುವಾಗ ನೆಲ ಕಾಲಿಗೆ ಮರಳಿಸುವ ಬಲ ದೇಹತೂಕದ ಎರಡರಿಂದ ಮೂರು ಪಟ್ಟು. ಹೃದಯ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ, ಎಲುಬಿಗೆ ತಿಂಗಳುಗಳು ಬೇಕು. ಉತ್ಸಾಹ ಬಂದ ಹೊತ್ತಿಗೇ ಎಲುಬು ಕೈಕೊಡುವುದು ಇದರಿಂದಲೇ. ನಾನೇ ವಿದ್ಯಾರ್ಥಿಯಾಗಿದ್ದಾಗ ಮೂರು ವಾರದಲ್ಲಿ ದೂರವನ್ನು ದುಪ್ಪಟ್ಟು ಮಾಡಿ, ಮೊಣಕಾಲಿನ ಕೆಳಗಿನ ಎಲುಬಿನ ನೋವಿನಿಂದ ಎರಡು ತಿಂಗಳು ಕುಂಟಿದೆ. ಬೆರಳಿನಿಂದ ಒತ್ತಿದಾಗ ಒಂದೇ ಬಿಂದುವಿನಲ್ಲಿ ಚುಚ್ಚುವ ನೋವಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ನೋವಿನ ಗುಳಿಗೆ ನುಂಗಿ ಓಡುವುದು ಎರಡು ಪಟ್ಟು ತಪ್ಪು. ಎಲುಬಿನ ಬಿರುಕು ಹೆಚ್ಚುತ್ತದೆ, ಬೆವರಿ ಒಣಗಿದ ಮೈಯಲ್ಲಿ ಅಂಥ ಗುಳಿಗೆ ಮೂತ್ರಪಿಂಡಕ್ಕೂ ಕೆಟ್ಟದ್ದು.

ನೆಲದ ವಿಚಾರಕ್ಕೆ ಬಂದರೆ, ಬೀದರಿನವರಿಗೆ ಕೆಂಪು ಜಂಬಿಟ್ಟಿಗೆಯ ನೆಲವಿದೆ, ಮಳೆ ನಿಂತ ಸ್ವಲ್ಪ ಹೊತ್ತಿಗೇ ಓಡಬಹುದು. ಕಲಬುರಗಿ, ಯಾದಗಿರಿಯ ಎರೆ ಭೂಮಿ ಹಾಗಲ್ಲ. ಬೇಸಿಗೆಯಲ್ಲಿ ಪಾದ ಸಿಕ್ಕಿಬೀಳುವಷ್ಟು ಬಿರುಕು, ಮಳೆಗಾಲದಲ್ಲಿ ಹೆಜ್ಜೆ ಹೆಜ್ಜೆಗೂ ಬೂಟಿಗೆ ಮೆತ್ತಿಕೊಳ್ಳುವ ಜಿಗುಟು ಮಣ್ಣು. ಒಂದೊಂದು ಬೂಟಿಗೆ 100 ಗ್ರಾಂ ತೂಕ ಸೇರಿದರೆ ಶಕ್ತಿಯ ಖರ್ಚು ಸುಮಾರು ಶೇಕಡಾ ಒಂದರಷ್ಟು ಏರುತ್ತದೆ. ಎರೆ ಮಣ್ಣು ಮೆತ್ತಿದ ಬೂಟನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಿ, ಲೆಕ್ಕ ತಿಳಿಯುತ್ತದೆ. ಮಳೆಗಾಲಕ್ಕೆ ಗರಸಿನ ರಸ್ತೆಯೋ ಟ್ರ್ಯಾಕೋ ಮೇಲು. ದುಬಾರಿ ಬೂಟಿಗಾಗಿ ಸಾಲ ಮಾಡುವವರಿಗೆ ನಾನು ಹೇಳುವುದು ಅಬೆಬೆ ಬಿಕಿಲನ ಕಥೆ. ಇಥಿಯೋಪಿಯದ ಈತ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದ, 1964ರಲ್ಲಿ ಟೋಕಿಯೊದಲ್ಲಿ ಬೂಟು ತೊಟ್ಟು ಮತ್ತೆ ಗೆದ್ದ. ಕಾಲಿಗೆ ಕಚ್ಚದ, ಹಗುರಾದ, ಹಿಮ್ಮಡಿ ಸವೆಯದ ಬೂಟು ಸಾಕು. ಹೊಸದನ್ನು ಪರೀಕ್ಷೆಯ ದಿನ ಮೊದಲ ಸಲ ತೊಡಬೇಡಿ.

ಐದನೆಯ ಹೆಜ್ಜೆ: ಬಿಸಿಲಿನ ಲೆಕ್ಕ

ನಮ್ಮ ಮೂರೂ ಜಿಲ್ಲೆಗಳವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಓಟಕ್ಕೆ ದಕ್ಕುವುದು ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲು ಮಾತ್ರ, ಉಳಿದದ್ದೆಲ್ಲ ಶಾಖ. 60 ಕಿಲೋ ತೂಕದವನು 5 ಕಿಲೋಮೀಟರ್ ಓಡಿದರೆ ಸುಮಾರು 300 ಕಿಲೋಕ್ಯಾಲರಿ ಖರ್ಚಾಗುತ್ತದೆ, ಅದರಲ್ಲಿ 230ರಷ್ಟು ಶಾಖವಾಗುತ್ತದೆ. ಆತನ ಮೈಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 50 ಕಿಲೋಕ್ಯಾಲರಿ ಸಾಕು. ಎಂದರೆ ಶಾಖ ಹೊರಹೋಗದಿದ್ದರೆ ಆ 24 ನಿಮಿಷದಲ್ಲಿ ಮೈಯ ಬಿಸಿ ನಾಲ್ಕು ಡಿಗ್ರಿಗಿಂತ ಹೆಚ್ಚು ಏರಿ ಪ್ರಾಣಕ್ಕೇ ಅಪಾಯವಾಗುತ್ತಿತ್ತು. ಹಾಗಾಗದಂತೆ ಕಾಯುವುದು ಬೆವರು. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಆರಿದರೆ ಮಾತ್ರ, ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಏನೂ ಪ್ರಯೋಜನವಿಲ್ಲ. ಮೇ ತಿಂಗಳ ಒಣ ಗಾಳಿಯಲ್ಲಿ ಬೆವರು ಬೇಗ ಆರುತ್ತದೆ, ಆದರೆ ಗಾಳಿಯೇ ಮೈಗಿಂತ ಬಿಸಿ. ಆಗಸ್ಟಿನಲ್ಲಿ ಬಿಸಿ ಕಡಿಮೆ, ಆದರೆ ತೇವದಿಂದ ಬೆವರು ಆರುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗುಗಳು ಮಾತ್ರ ಎರಡೂ ತೊಂದರೆಯಿಲ್ಲದವು. ನಿಮ್ಮ ಒಳ್ಳೆಯ ಸಮಯವನ್ನು ಆಗ ದಾಖಲಿಸಿ, ಏಪ್ರಿಲಿನ ಸಮಯವನ್ನು ಅದಕ್ಕೆ ಹೋಲಿಸಿ ಎದೆಗುಂದಬೇಡಿ.

ಬಿಸಿಲಿನಲ್ಲಿ ವೇಗ ಏಕೆ ತಗ್ಗುತ್ತದೆ? ಹೃದಯದಿಂದ ಹೊರಟ ರಕ್ತದಲ್ಲಿ ಒಂದು ಪಾಲು ಶಾಖ ಹೊರಹಾಕಲು ಚರ್ಮದ ಕಡೆಗೆ ಹೋಗಬೇಕಾಗುತ್ತದೆ, ಬೆವರಿನಿಂದ ರಕ್ತದ ನೀರಿನಂಶವೂ ತಗ್ಗುತ್ತದೆ. ಕಾಲಿಗೆ ಉಳಿಯುವುದು ಕಡಿಮೆಯಾಗಿ, ಅದೇ ವೇಗಕ್ಕೆ ನಾಡಿ ಹತ್ತು ಹದಿನೈದು ಬಡಿತ ಏರಬಹುದು. ಇದು ದೌರ್ಬಲ್ಯವಲ್ಲ. ದೇಹ ಇದಕ್ಕೆ 10ರಿಂದ 14 ದಿನಗಳಲ್ಲಿ ಹೊಂದಿಕೊಳ್ಳುತ್ತದೆ: ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಪರೀಕ್ಷೆ ಬೇಸಿಗೆಯಲ್ಲಿದ್ದರೆ ಕೊನೆಯ ಎರಡು ವಾರಗಳಲ್ಲಿ ನಾಲ್ಕೈದು ನಿಧಾನ ಓಟಗಳನ್ನು ಎಂಟು ಗಂಟೆಯ ಎಳೆ ಬಿಸಿಲಿಗೆ ಸರಿಸಿ, 20 ನಿಮಿಷದಿಂದ ಆರಂಭಿಸಿ 45 ನಿಮಿಷಕ್ಕೆ ಏರಿಸಬಹುದು. ಜೋರಿನ ಓಟಗಳು ನಸುಕಿನಲ್ಲೇ ಇರಲಿ. ಮಧ್ಯಾಹ್ನದ ಬಿಸಿಲಿನಲ್ಲಿ ‘ಗಟ್ಟಿಯಾಗಲು’ ಓಡುವ ಹುಂಬತನ ಬೇಡ.

ನೀರಿಗೆ ಸುಲಭದ ಅಳತೆಯಿದೆ. ಓಟದ ಮೊದಲು ಮತ್ತು ನಂತರ ತೂಕ ನೋಡಿ, ಕಡಿಮೆಯಾದ ಒಂದು ಕಿಲೋ ಎಂದರೆ ಒಂದು ಲೀಟರ್ ಬೆವರು. ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಬಲವಂತವಾಗಿ ಲೀಟರುಗಟ್ಟಲೆ ನೀರು ಕುಡಿದರೆ ರಕ್ತದ ಸೋಡಿಯಂ ಇಳಿಯುವ ಅಪಾಯವಿದೆ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ನಮ್ಮ ಮನೆಗಳಲ್ಲೇ ಇವೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಿ. ಜೊತೆಯಲ್ಲಿ ಓಡುತ್ತಿರುವವನು ತೂರಾಡಿದರೆ, ಅಸಂಬದ್ಧ ಮಾತನಾಡಿದರೆ, ಬೆವರುತ್ತಿದ್ದರೂ ಸರಿಯೇ, ಅದನ್ನು ಬಿಸಿಲಿನ ಆಘಾತವೆಂದೇ ತಿಳಿದು ನೆರಳಿಗೆ ಒಯ್ದು, ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಬೇಕು. ಆಂಬ್ಯುಲೆನ್ಸ್ ಬರಲಿ ಎಂದು ತಂಪು ಮಾಡುವುದನ್ನು ತಡಮಾಡಬಾರದು.

ಊಟ, ತೂಕ, ನಿದ್ದೆ

5 ಕಿಲೋಮೀಟರಿಗೆ ವಿಶೇಷ ಆಹಾರ ಬೇಕಿಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಅದಕ್ಕೆ ಧಾರಾಳ. ಅದು ಬರಿದಾಗುವ ಪ್ರಶ್ನೆ ಬರುವುದು 42.195 ಕಿಲೋಮೀಟರಿನ ಮ್ಯಾರಥಾನಿನಲ್ಲಿ. ಅಷ್ಟು ದೂರಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ, ಬಾಳೆಹಣ್ಣು ಬೆಲ್ಲದ ನೀರಿನಿಂದಲೂ ಅದನ್ನು ಪಡೆಯಬಹುದು. ದಿನನಿತ್ಯಕ್ಕೆ ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು ಹೊಟ್ಟೆ ತುಂಬ ಉಣ್ಣಿ. ಹೆಚ್ಚಿನ ಕೊಬ್ಬು ಇದ್ದರೆ ಕರಗಲಿ, ಪ್ರತಿ ಕಿಲೋವನ್ನೂ ಹೊತ್ತು ಓಡಬೇಕಾದ್ದರಿಂದ ವ್ಯತ್ಯಾಸ ತಿಳಿಯುತ್ತದೆ. ಆದರೆ ಉಪವಾಸವಿದ್ದು ತೂಕ ಇಳಿಸಿದರೆ ಎಲುಬು ಸೊರಗುತ್ತದೆ. ಓಡುವ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತರೆ ಅದು ಊಟ ಸಾಲುತ್ತಿಲ್ಲ ಎಂಬ ಎಚ್ಚರಿಕೆಯಾಗಿರಬಹುದು, ವೈದ್ಯರನ್ನು ಕಾಣಬೇಕು. ಓಟಕ್ಕೆ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿದ್ದರೆ ಪಕ್ಕೆ ಹಿಡಿಯುವುದು ಬಹುತೇಕ ತಪ್ಪುತ್ತದೆ. ನಿದ್ದೆ ಏಳೆಂಟು ಗಂಟೆ ಇರಲಿ.

ಪರೀಕ್ಷೆಯ ದಿನ

ಕೊನೆಯ ವಾರ ಓಟದ ಸಮಯವನ್ನು ಅರ್ಧಕ್ಕೆ ಇಳಿಸಿ. ನೇಮಕಾತಿ ಓಟದಲ್ಲಿ ನಸುಕಿನಲ್ಲೇ ಬಂದು ಸಾಲಿನಲ್ಲಿ ನಿಂತರೂ ಸರದಿ ಹತ್ತು ಗಂಟೆಗೆ ಬರಬಹುದು. ಹಾಗಾಗಿ ಟೊಪ್ಪಿಗೆ, ನೀರು, ಎರಡು ಬಾಳೆಹಣ್ಣು, ಒದ್ದೆ ಮಾಡಿಕೊಳ್ಳಲು ಒಂದು ಟವೆಲ್ ಜೊತೆಗಿರಲಿ, ಆದಷ್ಟು ನೆರಳಿನಲ್ಲಿ ಕುಳಿತಿರಿ. ಓಟಕ್ಕೆ ಮೊದಲು ತಲೆಗೂ ಕತ್ತಿಗೂ ನೀರು ಹಾಕಿಕೊಳ್ಳಿ, ಬಿಸಿಲು ಏರಿದ್ದರೆ ಮೈ ಸಡಿಲಗೊಳಿಸುವ ಓಟವನ್ನು ಐದು ನಿಮಿಷಕ್ಕೆ ಮುಗಿಸಿ. ಆ ಬಿಸಿಲು ಕಸಿದುಕೊಳ್ಳುವ ಸೆಕೆಂಡುಗಳನ್ನು ತಾಲೀಮಿನಲ್ಲೇ ಉಳಿಸಿಟ್ಟುಕೊಂಡಿರಬೇಕು. ನಸುಕಿನ ಟ್ರ್ಯಾಕಿನಲ್ಲಿ ಸುತ್ತಿಗೆ 1 ನಿಮಿಷ 52 ಸೆಕೆಂಡಿನಂತೆ ಓಡಿ 23 ನಿಮಿಷ 20 ಸೆಕೆಂಡಿಗೆ ಮುಗಿಸಬಲ್ಲವನು, ಹತ್ತು ಗಂಟೆಯ ಬಿಸಿಲಿನಲ್ಲಿ ಪ್ರತಿ ಸುತ್ತಿಗೆ ಮೂರು ಸೆಕೆಂಡು ಬಿಟ್ಟುಕೊಟ್ಟರೂ 24ರ ಒಳಗೇ ಇರುತ್ತಾನೆ. ಸೀಟಿ ಊದಿದೊಡನೆ ಇಡೀ ಗುಂಪು ಮೊದಲ ಸುತ್ತನ್ನು ಒಂದೂವರೆ ನಿಮಿಷಕ್ಕೆ ಓಡಿ ಮುಂದೆ ಹೋಗುತ್ತದೆ. ಹೋಗಲಿ ಬಿಡಿ, ಆರನೆಯ ಸುತ್ತಿನ ಹೊತ್ತಿಗೆ ಅವರಲ್ಲಿ ಹಲವರು ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿರುವುದು ಎದುರಿಗೇ ಕಾಣುತ್ತದೆ.